ನೇಕಾರನ ಮಿದುಳು

ನನ್ನ ಅಪ್ಪ ಕ್ಲೌದಿಯುಸ್, ಲಿಯೋನ್ ಪಟ್ಟಣದ ಕ್ರ್ವಾ-ರೂಸ್ ಗುಡ್ಡದ ಮೇಲೆ ನಲವತ್ತೆರಡು ವರ್ಷ ಒಂದೇ ಮಗ್ಗದ ಮುಂದೆ ಕೂತು ರೇಷ್ಮೆಯ ಮಖಮಲ್ಲು ನೇಯ್ದವರು. ದಿನವಿಡೀ ನೇಯ್ದರೂ ಒಂದು ಗೇಣು ದಾಟುತ್ತಿರಲಿಲ್ಲ. ಎಷ್ಟಾಯಿತು ಎಂದು ಕೇಳಿದರೆ ಹೆಬ್ಬೆರಳು ಕಿರುಬೆರಳು ಚಾಚಿ ತೋರಿಸುವರು, ರಾಜ್ಯ ಗೆದ್ದವರ ಹಾಗೆ. ಮಗ್ಗದ ಸದ್ದಿಗೆ ಕಿವಿ ಮಂದವಾಗಿತ್ತು, ಹಾಗಾಗಿ ಮಾತು ಬಲು ಜೋರು. ಶನಿವಾರ ಬೆಳಿಗ್ಗೆ ಓದೆತ್ ಮಾಮಿಯ ಖಾನಾವಳಿಯಲ್ಲಿ ಹುರಿದ ಕರುಳಿನ ತುಂಡು, ಪಕ್ಕದಲ್ಲಿ ಒಂದು ಹೂಜಿ ವೈನು. ಹತ್ತು ಗಂಟೆಗೆಲ್ಲ ಅವರ ಕೋಟು ವೈನಿನ ವಾಸನೆ ಹೊಡೆಯುತ್ತಿತ್ತು.

ನಾನು ಊರು ನೋಡಲು ಬಂದವರಿಗೆ ಊರು ತೋರಿಸುವವಳು. ನಮ್ಮದು ರೇಷ್ಮೆ ವ್ಯಾಪಾರಿಗಳ ಮನೆತನ ಎಂದು ಮೊದಲ ವರ್ಷ ಒಮ್ಮೆ ಬಾಯಿಗೆ ಬಂತು. ಜನ ಹುಬ್ಬೇರಿಸಿದರು, ಕೆಲಸ ಕೊಟ್ಟವರೂ ಮೆಚ್ಚಿದರು. ಹನ್ನೊಂದು ವರ್ಷ ಅದನ್ನೇ ಹೇಳಿಕೊಂಡು ಬಂದೆ. ನಾಚಿಕೆಗೆಟ್ಟವಳು.

ಊಟದ ಹೊತ್ತಿಗೆ ಇನ್ನೊಂದು ಮಾತು ಇತ್ತು. ಮೆತ್ತನೆಯ ಬಿಳಿ ಚೀಸಿಗೆ ಬೆಳ್ಳುಳ್ಳಿ, ಸೊಪ್ಪು ಸೇರಿಸಿ ಕಲಸಿದ ತಿನಿಸನ್ನು ನಮ್ಮಲ್ಲಿ ‘ನೇಕಾರನ ಮಿದುಳು’ ಎನ್ನುತ್ತೇವೆ. ನಾನು ಒಂದು ಚಮಚ ಎತ್ತಿ ಹಿಡಿದು, "ನೇಕಾರನ ತಲೆ ಒಡೆದ್ರೆ ಒಳಗೆ ಇಷ್ಟೇ ಇರೋದು ಅಂತ ನಮ್ಮ ಹಿರಿಯರು ನಗ್ತಿದ್ರು" ಎನ್ನುವೆ. ಎಲ್ಲರೂ ಬಿದ್ದು ಬಿದ್ದು ನಗುವರು.

ಅಪ್ಪನಿಗೆ ಮಾತ್ರ ಒಂದೇ ಆಸೆ. ಒಂದು ಸಲ ಜೊತೆಗೆ ಬಂದು ಮಗಳು ಹೇಳುವುದನ್ನು ಕೇಳಬೇಕು. ಮೆಟ್ಟಿಲು ಜಾಸ್ತಿ, ಮಂಡಿ ನೋಯುತ್ತೆ ಎಂದು ಪ್ರತಿ ಸಲವೂ ತಪ್ಪಿಸಿದೆ. ಮಗ್ಗದ ಮನೆಗೆ ದಿನಕ್ಕೆ ನಾಲ್ಕು ಸಲ ಐದು ಮಹಡಿ ಹತ್ತಿದ ಮನುಷ್ಯ, ಸುಮ್ಮನೆ ತಲೆಯಾಡಿಸುತ್ತಿದ್ದರು.

ಒಂದು ಶನಿವಾರ, ಬಂದವರನ್ನು ನಾನು ಯಾವಾಗಲೂ ಊಟಕ್ಕೆ ಕರೆದೊಯ್ಯುವ ಖಾನಾವಳಿ ಬಾಗಿಲು ಹಾಕಿತ್ತು. ವಿಧಿಯಿಲ್ಲದೆ ಹದಿನಾಲ್ಕು ಜನರನ್ನು ಓದೆತ್ ಮಾಮಿಯಲ್ಲಿಗೆ ಕರೆದುಕೊಂಡು ಹೋದೆ. ಅಪ್ಪ ಅಷ್ಟೊತ್ತಿಗೆ ಎದ್ದು ಹೋಗಿರುತ್ತಾರೆ ಎಂದುಕೊಂಡಿದ್ದೆ. ಹೋಗಿರಲಿಲ್ಲ. ಮೂಲೆಯಿಂದ ನನ್ನನ್ನು ಕಂಡು ಅವರ ಮುಖ ಅರಳಿತು. ನಾನು ಕಾಣದವಳಂತೆ ಬೆನ್ನು ತಿರುಗಿಸಿದೆ.

ಬಿಳಿ ಚೀಸು ಬಂತು. ಮಂದ ಕಿವಿ, ಇವರಿಗೆಲ್ಲಿ ಕೇಳಿಸುತ್ತದೆ ಎಂಬ ಧೈರ್ಯದ ಮೇಲೆ ಜನರ ಕಡೆ ತಿರುಗಿ ಚಮಚ ಎತ್ತಿದೆ, ಮಾತು ಹೇಳಿದೆ, ಎಲ್ಲರೂ ನಕ್ಕರು. ಆಗ ಅವರ ಬೆನ್ನ ಹಿಂದಿನ ಮೂಲೆಯಿಂದ ಅಪ್ಪನ ಕಣ್ಣು ನನ್ನ ಬಾಯಿಯ ಮೇಲೇ ನೆಟ್ಟಿರುವುದು ಕಂಡಿತು. ಮಗ್ಗದ ಸದ್ದಿನಲ್ಲಿ ಬಾಳಿದವರು ತುಟಿ ನೋಡಿಯೇ ಮಾತು ಹಿಡಿಯುತ್ತಾರೆ. ನೇಕಾರನ ಮನೆಯಲ್ಲಿ ಹುಟ್ಟಿದ ನನಗೆ ಅದು ಮರೆತುಹೋಗಿತ್ತಲ್ಲ!

ಬೆಲ್ಜಿಯಮ್ಮಿನಿಂದ ಬಂದ ಒಬ್ಬಾಕೆ, ಆ ಕೈಮಗ್ಗದವರು ಈಗ ಯಾರಾದರೂ ಉಳಿದಿದ್ದಾರೆಯೇ, ನಿಮಗೆ ಯಾರಾದರೂ ಗೊತ್ತೇ ಎಂದು ಕೇಳಿದಳು. ಎಲ್ಲ ತೀರಿಹೋದರು, ನನಗೆ ಯಾರ ಪರಿಚಯವೂ ಇಲ್ಲ ಎಂದೆ. ನನ್ನ ನಾಲಗೆ ಸೇದಿಹೋಗಬಾರದಿತ್ತೇ.

ನನ್ನನ್ನು ಲಂಗ ಹಾಕುವ ಕಾಲದಿಂದ ಬಲ್ಲ ಓದೆತ್ ಮಾಮಿ ತಟ್ಟೆಯನ್ನು ಕುಕ್ಕಿದಳು.

"ಯಾರೂ ಇಲ್ವಾ? ಇಲ್ಲಿ ಕೂತಿರೋರು ಯಾರಂತೆ? ಹೇಳಿ ಕ್ಲೌದಿಯುಸ್, ನೀವು ಯಾರು ಅಂತ ಇವರಿಗೆ ಹೇಳಿ."

ಹದಿನಾಲ್ಕು ತಲೆಗಳೂ ಆ ಕಡೆ ತಿರುಗಿದವು. ಅಪ್ಪ ಮೆಲ್ಲಗೆ ಎದ್ದರು, ಟೋಪಿ ಕೈಗೆ ತೆಗೆದುಕೊಂಡರು. ಅವರು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಅದುವರೆಗೂ ಕೇಳಿರಲಿಲ್ಲ.

"ಮಾಮಿ ತಮಾಷೆ ಮಾಡ್ತಾರೆ. ನಾನು ರೈಲ್ವೆಯಲ್ಲಿ ಇದ್ದೋನು. ಮೇಡಂ, ನೀವು ಹೇಳಿದ್ದೇ ಸರಿ."

ನೀವು! ಅಪ್ಪನ ಬಾಯಲ್ಲಿ ನನಗೆ ನೀವು. ಈಗಲಾದರೂ ಇವರು ನನ್ನ ಅಪ್ಪ ಎನ್ನಬಹುದಿತ್ತು. ಬಾಯಿ ತೆರೆದೆ ಕೂಡ. ಬಂದ ಮಾತು, ಹೊತ್ತಾಯಿತು, ಹೊರಡೋಣ ಬನ್ನಿ ಎಂಬುದು.

ಅಪ್ಪ ನಮಗಿಂತ ಮೊದಲೇ ಹೋಗಿ ಬಾಗಿಲು ತೆರೆದು ಹಿಡಿದು ನಿಂತರು. ದಾಟಿದ ಒಬ್ಬೊಬ್ಬರಿಗೂ ತಲೆ ಬಾಗಿಸಿದರು. ಕೊನೆಯಲ್ಲಿ ನಾನು ಬಂದೆ. ನನಗೂ ಬಾಗಿಸಿದರು. ನಾನು "ಥ್ಯಾಂಕ್ಸ್ ಸಾರ್" ಎಂದು ಹೇಳಿ ಹೊರಗೆ ಬಂದೆ.