ಪ್ರಾರ್ಥನೆಗೆ ಎದ್ದು ನಿಂತವರು

ನಮ್ಮ ಮೈಸೂರಿನ ಕವಿಗೋಷ್ಠಿಗಳಲ್ಲಿ ಹೆಂಗಸರಿಗೆಂದೇ ಮೀಸಲಾದ ಕೆಲಸವೊಂದಿತ್ತು: ಪ್ರಾರ್ಥನೆ ಹಾಡುವುದು. ಕಂಠ ಒಂದಿಷ್ಟು ಚೆನ್ನಾಗಿದ್ದರೆ ಮುಗಿಯಿತು, ಆಮೇಲೆ ನೀವು ಏನೇ ಬರೆಯಿರಿ, ಯಾರಿಗೂ ಬೇಕಾಗಿರಲಿಲ್ಲ. ನನ್ನ ಕಂಠ ಚೆನ್ನಾಗಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ಜಯಲಕ್ಷ್ಮಿಪುರಂನ ಒಂದು ಸಭಾಂಗಣದಲ್ಲಿ ತಿಂಗಳಿಗೊಂದು ಸಂಜೆ ಕವಿಗೋಷ್ಠಿ ನಡೆಯುತ್ತಿತ್ತು. ನಡೆಸುತ್ತಿದ್ದವರು ನನ್ನ ಭಾವ, ಅಂದರೆ ತೀರಿಹೋದ ನನ್ನಕ್ಕನ ಗಂಡ. ಆಮಂತ್ರಣ ಪತ್ರಿಕೆಯಲ್ಲಿ ಕವಿಗಳ ಸಾಲಿನ ಕೊನೆಗೆ ನನ್ನ ಹೆಸರನ್ನೂ ಹಾಕಿಸುತ್ತಿದ್ದರು. ಆದರೆ ನಾನು ಪ್ರಾರ್ಥನೆ ಹಾಡಿ ಕುಳಿತ ಮೇಲೆ ಮಿಕ್ಕ ಕವಿಗಳು ಒಂದೇ ಒಂದು ಕವಿತೆ ಎಂದು ಮೈಕು ಹಿಡಿದು ನಾಲ್ಕು ಓದುತ್ತಿದ್ದರು. ತಮ್ಮದು ಮುಗಿದ ಕೂಡಲೇ ಚಪ್ಪಲಿ ಮೆಟ್ಟಿ ಮಾಯವಾಗುತ್ತಿದ್ದರು. ನನ್ನ ಸರದಿ ಬರುವ ಹೊತ್ತಿಗೆ ಭಾವ ಗಡಿಯಾರ ನೋಡಿ "ಸಮಯದ ಅಭಾವದಿಂದ" ಎಂದು ಶುರು ಮಾಡುತ್ತಿದ್ದರು. ಎರಡು ಸಲ ಹೀಗಾಯಿತು, ಎರಡು ಸಲವೂ ಹಲ್ಲು ಕಚ್ಚಿ ಕುಳಿತೆ.

ಸಮಯವೂ ಅಲ್ಲ, ಅಭಾವವೂ ಅಲ್ಲ. ನಾನು ಅಕ್ಕನ ಮೇಲೆ ಕವಿತೆ ಬರೆದಿದ್ದೇನೆಂದು ಅವರಿಗೆ ಗೊತ್ತಿತ್ತು.

ಅಕ್ಕ ಇದ್ದಾಗ ಗೋಷ್ಠಿ ನಡೆಯುತ್ತಿದ್ದದ್ದು ಅಗ್ರಹಾರದ ಅವರ ಮನೆಯ ಪಡಸಾಲೆಯಲ್ಲಿ. ಬಂದವರಿಗೆಲ್ಲ ತಿಂಡಿ, ಕಾಫಿ ಅವಳದೇ. ಕೊನೆಯ ಸಲ ಅವಳಿಗೆ ಕಾಮಾಲೆ ಹತ್ತಿ ಕಣ್ಣು ಹಳದಿಯಾಗಿತ್ತು. ಗೋಡೆ ಹಿಡಿದುಕೊಂಡು ಅಷ್ಟೂ ಜನಕ್ಕೆ ಚಿತ್ರಾನ್ನ ಬಡಿಸಿದಳಂತೆ. ಮಾರನೆಯ ದಿನ ಆಸ್ಪತ್ರೆ ಸೇರಿದವಳು ಮನೆಗೆ ಮರಳಲಿಲ್ಲ. ಮಂಚದ ಪಕ್ಕ ಕುಳಿತಿದ್ದ ನನಗೆ, "ಎಲ್ರೂ ಚಿತ್ರಾನ್ನ ಚೆನ್ನಾಗಿದೆ ಅಂದ್ರು ಕಣೆ" ಅಂದಿದ್ದಳು. ವರ್ಷ ತುಂಬುವ ಮೊದಲೇ ಭಾವ ಮತ್ತೊಂದು ಮದುವೆಯಾದರು. ಅದು ಅವರಿಷ್ಟ. ಆದರೆ ಶ್ರದ್ಧಾಂಜಲಿ ಸಭೆಯಲ್ಲಿ ನಿಂತು ಅವಳನ್ನು "ಸಾಹಿತ್ಯ ಸೇವೆಯಲ್ಲೇ ಕಣ್ಮುಚ್ಚಿದ ಸಾಧ್ವಿ" ಎಂದರಲ್ಲ, ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆ ಕೊನೆಯ ಗೋಷ್ಠಿಯ ದಿನ ಅಡುಗೆಗೆ ನೆರವಾಗಲು ಹೋಗಿದ್ದ ಅಮ್ಮ ಅಲ್ಲೇ ಇದ್ದಳು. ಏನಾಯಿತೆಂದು ಕೇಳಿದರೆ ಮಾತು ಬದಲಿಸುತ್ತಿದ್ದಳು. "ಹೋದೋಳು ಹೋದ್ಲು. ನಾಲ್ಕ್ ಜನದ್ ಮುಂದೆ ಅದನ್ನೆಲ್ಲ ಎತ್ಬೇಡ ಕಣೆ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು. ನನಗೆ ಅವಳ ಮೇಲೂ ಸಿಟ್ಟಿತ್ತು.

ಮೂರನೆಯ ಸಲ ಅಮ್ಮನೂ ನನ್ನ ಜೊತೆ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ನಾನು ವೇದಿಕೆ ಹತ್ತುವ ಮುಂಚೆ ಭಾವ ಹತ್ತಿರ ಬಂದರು.

"ಪ್ರಾರ್ಥನೆ ಹಾಡ್ಬುಡಮ್ಮ. ಕವಿತೆ ಆಮೇಲೆ, ಟೈಮ್ ಇದ್ರೆ ನೋಡೋಣ."

"ಇವತ್ತೂ ಟೈಮ್ ಇರಲ್ವಾ ಭಾವ?"

"ನಿನ್ ಕಂಠ ಇದ್ಯಲ್ಲ, ಜನಕ್ಕೆ ಅದೇ ಸಾಕು ಕಣಮ್ಮ" ಎಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಮೈಕಿನಲ್ಲಿ ಅವರೇ ಘೋಷಿಸಿದರು: "ಪ್ರಾರ್ಥನೆಗೆ ದಯಮಾಡಿ ಎಲ್ಲರೂ ಎದ್ದು ನಿಲ್ಲಬೇಕು." ಕುರ್ಚಿಗಳು ಕಿರುಗುಟ್ಟಿದವು. ಅಧ್ಯಕ್ಷರು ಶಾಲು ಸರಿಮಾಡಿಕೊಂಡು ಕಣ್ಣು ಮುಚ್ಚಿದರು; ಅಕ್ಕನ ಕೈಯಡುಗೆ ಉಂಡು ಬೆಳೆದ ಕವಿಗಳಲ್ಲಿ ಅವರೇ ಹಿರಿಯರು. ಭಾವ ಕೈಮುಗಿದು ನಿಂತರು. ನಾನು ಹಾಡಲಿಲ್ಲ, ಓದಿದೆ.

ಚಿತ್ರಾನ್ನ ಹಳದಿಯಾಗಿತ್ತು,
ಬಡಿಸಿದವಳ ಕಣ್ಣೂ ಹಳದಿಯಾಗಿತ್ತು.
ಚಿತ್ರಾನ್ನ ಚೆನ್ನಾಗಿದೆ ಎಂದಿರಿ.
ಕಣ್ಣು ಯಾರೂ ನೋಡಲಿಲ್ಲ.

ಇನ್ನೂ ಇತ್ತು, ಒಂದು ಸಾಲೂ ಬಿಡದೆ ಓದಿದೆ. ಯಾರೋ ಕೆಮ್ಮಿದರು. ಪ್ರಾರ್ಥನೆಯ ನಡುವೆ ಕೂರುವುದು ಹೇಗೆಂದು ತಿಳಿಯದೆ ಅಷ್ಟೂ ಜನ ನಿಂತೇ ಇದ್ದರು. ಅಧ್ಯಕ್ಷರು ಕಣ್ಣು ತೆರೆದು ನೆಲ ನೋಡುತ್ತಿದ್ದರು. ಭಾವ ಕಣ್ಣಲ್ಲೇ ಗದರಿದರು. ಮುಗಿದ ಕೈ ಬಿಡಿಸಲು ಮಾತ್ರ ಅವರಿಂದ ಆಗಲಿಲ್ಲ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ, ಅವರನ್ನು ಹಾಗೆ ನೋಡಿ ಬಹಳ ಖುಷಿಯಾಯಿತು.

ಪ್ರಾರ್ಥನೆಗೆ ಚಪ್ಪಾಳೆ ತಟ್ಟುವ ವಾಡಿಕೆಯಿಲ್ಲ, ಯಾರೂ ತಟ್ಟಲಿಲ್ಲ. ನಾನು ಮುಗಿಸಿದ್ದೇ ತಡ, ಭಾವ ಮೈಕು ಕಿತ್ತುಕೊಂಡರು.

"ಸ್ವಂತ ದ್ವೇಷ ತೀರಿಸ್ಕೊಳ್ಳೋಕೆ ಸಾಹಿತ್ಯದ ವೇದಿಕೆ ಬಳಸೋದು ಸರಿಯಲ್ಲ. ಆ ದಿನ ಆಕೆಗೆ ಹುಷಾರಿಲ್ಲ ಅಂತ ನಮಗ್ಯಾರಿಗೂ ಗೊತ್ತೇ ಇರ್ಲಿಲ್ಲ. ದಯವಿಟ್ಟು ಎಲ್ರೂ ಕೂತ್ಕೊಳ್ಳಿ."

ಎಲ್ಲರೂ ಕುಳಿತರು. ಹಿಂದಿನ ಸಾಲಿನಲ್ಲಿ ಅಮ್ಮ ಮಾತ್ರ ನಿಂತೇ ಇದ್ದಳು. ನನ್ನನ್ನು ಬೈಯುತ್ತಾಳೆ ಎಂದುಕೊಂಡೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ನಾನ್ ಹೇಳಿದ್ನಲ್ಲ ಅಳಿಯಂದ್ರೇ" ಅಂದಳು. ಮೈಕಿಲ್ಲದಿದ್ದರೂ ಅವಳ ಮಾತು ವೇದಿಕೆಯವರೆಗೂ ಕೇಳಿಸಿತು. "ಅಡುಗೆಮನೆ ಬಾಗ್ಲಲ್ಲಿ ನಿಂತ್ಕೊಂಡು ಹೇಳಿದ್ನಲ್ಲ, ಇವಳ ಕಣ್ಣೆಲ್ಲ ಹಳದಿ ಆಗೋಗಿದೆ, ಈಗ್ಲೇ ಡಾಕ್ಟ್ರ ಹತ್ರ ಕರ್ಕೊಂಡ್ಹೋಗಿ ಅಂತ. ಗೋಷ್ಠಿ ಮುಗೀಲಿ ಅಂದ್ರಿ."