ಮದುವೆ ಕಾಲದ ಕಣ್ಣುಬೇನೆ

ಹಂಗಳದ ನಮ್ಮ ಬೀದಿಯಲ್ಲಿ ಮದುವೆ ಗೊತ್ತಾಯಿತೆಂದು ಯಾರೂ ಸಾರಬೇಕಿಲ್ಲ. ಪುಟ್ಟಸಿದ್ದಮ್ಮನಿಗೆ ಕಣ್ಣುಬೇನೆ ಬಂದರೆ ಸಾಕು. ಚಪ್ಪರದಲ್ಲಿ ಗ್ರಾಮಫೋನು ಕೂಗುವ ಮೊದಲೇ ಈರುಳ್ಳಿ ಹೆಚ್ಚಿ ಕಣ್ಣಿಗೆ ಉಜ್ಜಿಕೊಂಡು, ಅರಿಸಿನದ ಬಟ್ಟೆ ಒತ್ತಿ ಹಿಡಿದು ಜಗಲಿಯ ಮೂಲೆಯಲ್ಲಿ ಕೂರುತ್ತಾಳೆ. ಕರೆಯಲು ಬಂದವರಿಗೆ, “ಅಂಟ್ಕತದ, ದೂರ ನಿಂತ್ಕಳಿ” ಎನ್ನುತ್ತಾಳೆ. ಕಳ್ಳಬೇನೆಯೆಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ಗಂಡ ಸತ್ತವಳಿಗೆ ಧಾರೆಯ ಹೊತ್ತಿನಲ್ಲಿ ಎದುರು ಬರಬೇಡವೆಂದು ಹೇಳುವ ಕಷ್ಟ ಅವರಿಗೂ ತಪ್ಪುತ್ತದೆ, ಕೇಳುವ ಕಷ್ಟ ಅವಳಿಗೂ. ಮೊನ್ನೆ ಅವಳ ಒಬ್ಬಳೇ ಮಗಳ ಮದುವೆಯಾಯಿತು. ಅಂದು ಈರುಳ್ಳಿ ಮುಟ್ಟಿರಲಿಲ್ಲ. ಆದರೂ ಕಣ್ಣುಗಳು ಕೆಂಡವಾಗಿದ್ದವು. ಧಾರೆ ಸೀರೆಯುಟ್ಟ ಮಗಳು ಕಾಲಿಗೆ ಬೀಳಲು ಬಂದಾಗ ಗೋಡೆಗೆ ಒತ್ತಿ ಸರಿದು, “ಅಂಟ್ಕತದ ಕಣಮ್ಮಿ, ದೂರ ನಿಂತ್ಕ” ಎಂದಳು.