ಹಾಲಿನ ಮುಯ್ಯಿ

ಕನಕಪುರದಿಂದ ಕೋಡಿಹಳ್ಳಿ ಕಡೆಗೆ ಹೋಗುವ ಬಸ್ಸು ನಮ್ಮ ಡೇರಿ ಮುಂದೆಯೇ ನಿಲ್ಲುತ್ತದೆ. ಹೆಂಗಸರ ಡೇರಿ ಅದು, ನಾನು ಅದರ ಸೆಕ್ರೆಟರಿ. ಬೆಳಿಗ್ಗೆ ಒಂದು ಹೊತ್ತು, ಸಾಯಂಕಾಲ ಒಂದು ಹೊತ್ತು ಹಾಲು ಅಳೆಯೋದು, ಫ್ಯಾಟ್ ನೋಡೋದು, ಹಾಕಿದವಳ ನಂಬರ್ ಒತ್ತಿ ಚೀಟಿ ಕೊಡೋದು ನನ್ನ ಕೆಲಸ. ನೀರು ಬೆರೆಸಿ ತಂದವರನ್ನು ಮುಖ ಮೂತಿ ನೋಡದೆ ಬೈಯುತ್ತೇನೆ. ಅದಕ್ಕೇ ಊರಿಗೆ ನನ್ನ ಮೇಲೆ ಒಸಿ ಭಯ, ಒಸಿ ನಂಬಿಕೆ. ಆ ನಂಬಿಕೆ ಏನಾಯಿತು ಅನ್ನೋದನ್ನೇ ಈಗ ಹೇಳುತ್ತಿರೋದು.

ನಮ್ಮ ಕಡೆ ಮದುವೆಗೆ ಹೋದವರು ಮುಯ್ಯಿ ಮಾಡದೆ ಬರೋದಿಲ್ಲ. ಯಾರು ಎಷ್ಟು ಮಾಡಿದರು ಅಂತ ಒಬ್ಬರು ಕೂತು ಬರೆಯುತ್ತಾರೆ, ನಾಳೆ ಅವರ ಮನೆ ಮದುವೆಯಲ್ಲಿ ಅದನ್ನು ತಿರುಗಿಸಬೇಕು. ಡೇರಿಯಲ್ಲಿ ನಾವು ಇನ್ನೊಂದು ಮುಯ್ಯಿ ಇಟ್ಟುಕೊಂಡಿದ್ದೆವು. ಯಾರ ಮನೆಯವರಾದರೂ ಆಸ್ಪತ್ರೆ ಸೇರಿದರು ಅಂದರೆ ಪ್ರತಿಯೊಬ್ಬಳೂ ಒಂದು ಹೊತ್ತಿನ ಹಾಲನ್ನು ತನ್ನ ನಂಬರಿಗಲ್ಲ, ಆ ಮನೆಯವಳ ನಂಬರಿಗೆ ಹಾಕೋದು. ಆ ಹಾಲಿನ ಭರವಸೆ ಮೇಲೆ ಸಂಘದವರು ಅವತ್ತೇ ದುಡ್ಡು ಕೊಟ್ಟು ಕಳಿಸುತ್ತಿದ್ದರು. ಈ ಮುಯ್ಯಿಯನ್ನು ಮಾತ್ರ ಯಾರೂ ಬರೆದಿಡುತ್ತಿರಲಿಲ್ಲ. ವಾಪಸ್ ಇಸ್ಕೊಳ್ಳೋ ದಿನ ಯಾರಿಗೂ ಬರೋದು ಬೇಡ ಅಂತ.

ಶುರು ಮಾಡಿದವಳು ಪಕ್ಕದಮನೆ ಅಕ್ಕ. ಆಗ ನಾನಿನ್ನೂ ಸೆಕ್ರೆಟರಿ ಆಗಿರಲಿಲ್ಲ. ಎರಡನೇ ಹೆರಿಗೆಯಲ್ಲಿ ರಕ್ತ ನಿಲ್ಲದೆ ಆಸ್ಪತ್ರೆಯಲ್ಲಿ ಬಿದ್ದಿದ್ದೆ. ಅಕ್ಕ ಕ್ಯಾನು ಹೊತ್ತುಕೊಂಡು ಡೇರಿಗೆ ಬಂದು, "ಈ ಹೊತ್ತಿಂದು ಅವಳ ನಂಬರ್‌ಗೆ ಹಾಕ್ಕೊಳಿ" ಅಂದಳಂತೆ. ಹಿಂದೆ ನಿಂತಿದ್ದವರೂ ಹಾಗೇ ಅಂದರಂತೆ. ನಾನು ಬದುಕಿ ಬಂದದ್ದು ಆ ಹಾಲಿನಿಂದ. ರಕ್ತಸಂಬಂಧವೇನಲ್ಲ, ಬೇಲಿ ಪಕ್ಕದ ನುಗ್ಗೆಮರಕ್ಕೆ ಜಗಳ ಆಡಿಕೊಂಡು ಆರು ತಿಂಗಳು ಮಾತು ಬಿಟ್ಟದ್ದೂ ಉಂಟು. ಆದರೂ ಅಕ್ಕ ಅಂದರೆ ಅಕ್ಕ.

ಆಮೇಲೆ ಆರೋಗ್ಯದ ಕಾರ್ಡು ಮಾಡಿಕೊಡೋಕೆ ಒಬ್ಬ ಬಂದ. ಇಸ್ತ್ರಿ ಶರಟು, ಕುತ್ತಿಗೆಗೆ ಬ್ಯಾಡ್ಜು, ಬಾಯಿ ತುಂಬ ಅಮ್ಮಾ ಅಮ್ಮಾ. ಡೇರಿ ಜಗಲಿಯಲ್ಲೇ ಕೂತು ಎಲ್ಲರ ಬೆರಳು ಒತ್ತಿಸಿಕೊಂಡ. "ಕಾರ್ಡ್ ತೋರಿಸಿದ್ರೆ ಸಾಕಮ್ಮ, ಒಂದು ಪೈಸೆ ಕೇಳಲ್ಲ" ಅಂದ. "ಯಾವ ಆಸ್ಪತ್ರೆಲಾದ್ರೂನಾ?" ಅಂತ ಎರಡು ಸಲ ಕೇಳಿದೆ, ಎರಡು ಸಲವೂ ಹೂಂ ಅಂದ. ಗಟ್ಟಿ ಹಾಲಲ್ಲಿ ಕಾಫಿ ಕಾಯಿಸಿ ಕೊಟ್ಟೆ ಅವನಿಗೆ. ಈಗ ನೆನೆಸಿಕೊಂಡರೆ ಆ ಕಾಫಿಗೂ ಹೊಟ್ಟೆ ಉರಿಯುತ್ತದೆ.

ಒಬ್ಬರ ಹಾಲನ್ನು ಇನ್ನೊಬ್ಬರ ನಂಬರಿಗೆ ಹಾಕೋದು ತಪ್ಪು ಅಂತ ಮೇಲಿನವರು ಮೊದಲಿಂದಲೂ ಗೊಣಗುತ್ತಿದ್ದರು. ಒಳ್ಳೇದೇ ಆಯಿತು ಅಂತ ಒಂದು ದಿನ ಹಾಲು ಅಳೆಯುತ್ತಲೇ ಹೇಳಿದೆ. "ಇನ್ಮೇಲೆ ಆಸ್ಪತ್ರೆ ಮುಯ್ಯಿ ಬ್ಯಾಡ ಕಣ್ರವ್ವ. ಕಾರ್ಡೈತಲ್ಲ."

ಅಕ್ಕ ಒಬ್ಬಳೇ ಎದುರಾಡಿದ್ದು. "ಅದರ ಪಾಡಿಗೆ ಅದಿರ್ಲಿ, ಇದರ ಪಾಡಿಗೆ ಇದಿರ್ಲಿ. ಯಾಕ್ ನಿಲ್ಲಿಸ್ತೀಯ?"

"ನಿಂಗೇನ್ ಗೊತ್ತಾಯ್ತದೆ, ಸುಮ್ಕಿರಕ್ಕ" ಅಂದುಬಿಟ್ಟೆ, ಎಲ್ಲರ ಮುಂದೆ. ನಾಲ್ಕು ಜನ ನಕ್ಕರು. ಅವಳು ಚೀಟಿ ಇಸ್ಕೊಂಡು ಹೋದಳು.

ಹೋದ ವರ್ಷ ಹಿಪ್ಪುನೇರಳೆ ತೋಟದಲ್ಲಿ ಕೊಯ್ದ ಗಿಡದ ಕೂಳೆ ಚುಚ್ಚಿ ಅಕ್ಕನ ಕಾಲಿನ ಹೆಬ್ಬೆರಳು ಹುಣ್ಣಾಯಿತು. ಮೊದಲೇ ಸಕ್ಕರೆ ಕಾಯಿಲೆ. ಗಂಡನಿಲ್ಲ, ಮಗಳು ಮಾಗಡಿಗೆ ಮದುವೆಯಾಗಿ ಹೋದವಳು. ಅಕ್ಕ ಹುಣ್ಣಿನ ವಿಷಯ ಯಾರಿಗೂ ಹೇಳದೆ ಅರಿಶಿನ ಮೆತ್ತಿಕೊಂಡು ಹಾಲು ಹೊರುತ್ತಿದ್ದಳು. ಬೆರಳು ಕಪ್ಪಾದದ್ದು ಕಂಡು ನಾನೇ ಗದರಿಸಿ, ಕಾರ್ಡು ಹಿಡಿದುಕೊಂಡು, ದೊಡ್ಡ ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ನೋಡಿ, "ಈಗಲೇ ಬೆರಳು ತೆಗೆದರೆ ಪಾದ ಉಳಿಯುತ್ತೆ, ತಡ ಮಾಡಬೇಡಿ" ಅಂದರು. ಕೌಂಟರಿನಲ್ಲಿದ್ದವಳು ಕಾರ್ಡು ತಿರುಗಿಸಿ ನೋಡಿ, "ಸರ್ಕಾರಿ ಆಸ್ಪತ್ರೆಯಿಂದ ಬರೆಸಿಕೊಂಡು ಬಂದಿದೀರಾ? ಚೀಟಿ ಇಲ್ಲದೆ ಇದು ನಡೆಯಲ್ಲ. ಇಲ್ಲಾಂದ್ರೆ ಮುಂಗಡ ಕಟ್ಟಿ" ಅಂದಳು.

"ತೋರಿಸಿದ್ರೆ ಸಾಕು ಅಂದಿದ್ರಲ್ಲ?"

"ಯಾರಂದ್ರು?"

ಯಾರು ಅಂತ ಹೇಳಲಿ? ಅವನ ಹೆಸರನ್ನೇ ಕೇಳಿರಲಿಲ್ಲ. ಸರ್ಕಾರಿ ಆಸ್ಪತ್ರೆ ಚೀಟಿ ಬೇಕು ಅಂತ ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದೇ ಇತ್ತು. ಊರವರ ಕಾರ್ಡನ್ನೆಲ್ಲ ಲ್ಯಾಮಿನೇಷನ್ ಮಾಡಿಸಿ ಹಂಚಿದವಳು ನಾನೇ. ಒಂದನ್ನಾದರೂ ತಿರುಗಿಸಿ ಓದಬೇಡವೇ?

ಅದು ಶನಿವಾರ. ಸರ್ಕಾರಿ ಆಸ್ಪತ್ರೆಯಲ್ಲಿ ಬರೆದುಕೊಡಬೇಕಾದ ಡಾಕ್ಟರು ಟ್ರೈನಿಂಗಿಗೆ ಹೋಗಿದ್ದರು. ಸೋಮವಾರ ರಜೆ. ಮಂಗಳವಾರ, "ಈ ಆಪರೇಷನ್ ನಮ್ಮಲ್ಲೇ ಆಗುತ್ತೆ, ಬೇರೆ ಕಡೆಗೆ ಬರೆದುಕೊಡೋಕೆ ಬರಲ್ಲ, ಸರದಿ ಬರೋವರೆಗೂ ಕಾಯಿರಿ" ಅಂದರು. ಅಕ್ಕ ಬೆಂಚಿನ ಮೇಲೆ ಕಾಲು ಚಾಚಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು.

ಸಾಯಂಕಾಲ ಡೇರಿಗೆ ಓಡಿಬಂದೆ. "ಈ ಹೊತ್ತಿಂದು ಅಕ್ಕನ ನಂಬರ್‌ಗೆ ಹಾಕ್ರವ್ವ, ಮುಂಗಡ ಕಟ್ಟಬೇಕು" ಅಂದೆ. ಮೊದಲು ನಿಂತಿದ್ದವಳು ಕ್ಯಾನು ಕೆಳಗಿಟ್ಟು, "ನನ್ನ ನಂಬರ್‌ಗೇ ಒತ್ತು. ಕಾರ್ಡೈತೆ ಅಂದೋಳು ನೀನೇ ಅಲ್ವಾ?" ಅಂದಳು. ಅವಳ ಹಿಂದಿನವಳು, "ಮೊನ್ನೆ ನಮ್ಮೆಜಮಾನ್ರು ಗಾಡಿಯಿಂದ ಬಿದ್ದಾಗ ನಂಗ್ಯಾರ್ ಹಾಕುದ್ರು?" ಅಂದಳು. ಅದೂ ನಿಜ. ಮುಯ್ಯಿ ನಿಂತ ಮೇಲೆ ಬಿದ್ದವನು ಅವಳ ಗಂಡ, ಯಾರೂ ಹಾಕಿರಲಿಲ್ಲ. ಇಬ್ಬರು ಮುದುಕಿಯರು ಮಾತ್ರ ಅಕ್ಕನ ನಂಬರ್ ಹೇಳಿದರು. ಇದೇ ಹೆಂಗಸರು ಅಕ್ಕನ ಕೈ ಹಾಲು ಉಂಡವರು. ಆ ಹೊತ್ತು ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ, ಆದರೆ ಬಾಯಿ ಬಿಡೋಕೆ ಮುಖ ಎಲ್ಲಿತ್ತು? ಕಾರ್ಡಿನವನು ನನ್ನನ್ನು ನಂಬಿಸಿದ, ನಾನು ಊರನ್ನು ನಂಬಿಸಿದೆ.

ಬುಧವಾರ ನನ್ನ ಕಿವಿಯ ಓಲೆ ಅಡವಿಟ್ಟು ಅದೇ ಖಾಸಗಿ ಆಸ್ಪತ್ರೆಗೆ ಸೇರಿಸಿದೆ. ಅಷ್ಟರಲ್ಲಿ ಕಪ್ಪು ಪಾದ ದಾಟಿತ್ತು. ಮೊಣಕಾಲಿನ ಕೆಳಗೆ ತೆಗೆದರು. ಓಲೆಯನ್ನು ಶನಿವಾರವೇ ಬಿಚ್ಚಬಹುದಿತ್ತು. ಕಾರ್ಡಿನ ಮೇಲೆ ಅಷ್ಟು ನಂಬಿಕೆ ಇತ್ತೋ, ಓಲೆ ಮೇಲೆ ಅಷ್ಟು ಆಸೆ ಇತ್ತೋ, ನನಗೆ ಈಗಲೂ ಗೊತ್ತಿಲ್ಲ.

ಮನೆಗೆ ಬಂದ ಮೇಲೆ ಅವಳ ಹಸು ಕರೆಯೋದು, ಡೇರಿಗೆ ಹಾಲು ತರೋದು ನನ್ನ ಪಾಲಿಗೆ ಬಂತು. ಒಂದು ಬೆಳಿಗ್ಗೆ ಜಗಲಿಯಲ್ಲಿ ಕೂತಿದ್ದಳು. "ನನ್ನಿಂದ ಹಿಂಗಾಯ್ತಕ್ಕ" ಅಂದೆ, ಅಳು ಬಂತು. ಅವಳು ಸೀರೆಯನ್ನು ಕಾಲಿನ ಮೇಲೆ ಎಳೆದುಕೊಂಡಳು.

"ಅಳಬ್ಯಾಡ ಬುಡು. ಅವತ್ತು ನಿಂಗೆ ಒಂದ್ ಕ್ಯಾನ್ ಹಾಲು ಹಾಕಿದ್ದೆ. ನೀನು ಮುಯ್ಯಿ ತೀರಿಸ್ಬುಟ್ಟೆ ಕಣವ್ವ."

ಓಲೆ ನೆನೆದು ಅಂದಳೋ, ಕಾಲು ನೆನೆದು ಅಂದಳೋ, ಕೇಳುವ ಧೈರ್ಯ ಆಗಲಿಲ್ಲ. ಕ್ಯಾನು ಎತ್ತಿಕೊಂಡು ಡೇರಿಗೆ ಬಂದೆ. ಅವಳ ಹಾಲು ಅಳೆದು ಅವಳ ನಂಬರ್ ಒತ್ತಿದೆ. ಆಮೇಲೆ ನನ್ನ ಮನೆ ಹಾಲನ್ನೂ ಅದೇ ನಂಬರಿಗೆ ಹಾಕಿ, ಸಾಲಿನ ಕಡೆ ನೋಡಿದೆ. ಹಿಂದೆ ನಿಂತಿದ್ದವರು ಒಬ್ಬೊಬ್ಬರಾಗಿ ತಂತಮ್ಮ ನಂಬರನ್ನೇ ಹೇಳಿದರು.